2,000 ಎಚ್‌ಪಿ ಇದ್ದರೂ ಗಿರಾಕಿ ಯಾಕಿಲ್ಲ? ಎಲೆಕ್ಟ್ರಿಕ್ ಹೈಪರ್‌ಕಾರ್‌ಗಳ ರೀಸೇಲ್ ಬಗ್ಗೆ ಒಂದು ಅನುಮಾನ

ತುಂಗೆ_ದಂಡೆ_ಸ್ವಿಫ್ಟ್

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಳ್ಳುವ ಗಿರಾಕಿ ಅಲ್ಲ. ನನ್ನ ಹತ್ತಿರ ಇರುವುದು 2014ರ ಸ್ವಿಫ್ಟ್. ಅದಕ್ಕೆ ಕ್ಲಚ್ ಪ್ಲೇಟ್ ಹಾಕಿಸುವುದನ್ನೇ ಎರಡು ತಿಂಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಆದರೂ ಕಾರಿನ ಹುಚ್ಚು ಬಿಡಬೇಕಲ್ಲ.

ವಿಷಯ ಇಷ್ಟು. ಕ್ರೊಯೇಷಿಯಾದ ರಿಮಾಕ್ ಕಂಪನಿಯ ನೆವೆರಾ ಅನ್ನುವ ಎಲೆಕ್ಟ್ರಿಕ್ ಹೈಪರ್‌ಕಾರಿನ (ಕೋಟಿಗಟ್ಟಲೆ ಬೆಲೆಯ, ಕೆಲವೇ ಕೆಲವು ಮಾಡುವ ಅತಿವೇಗದ ಕಾರು) ವಿಡಿಯೊಗಳನ್ನು ಮೊನ್ನೆ ರಾತ್ರಿ ಸಾಲಾಗಿ ನೋಡಿದೆ. 1,914 ಎಚ್‌ಪಿ, ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರು, ಗಂಟೆಗೆ 412 ಕಿ.ಮೀ. ವೇಗ. ಪಕ್ಕದಲ್ಲಿ ಯಾವ ಫೆರಾರಿ ಬಂದು ನಿಂತರೂ ಹಸಿರು ದೀಪ ಬಿದ್ದ ಕ್ಷಣಕ್ಕೆ ಅದು ಕನ್ನಡಿಯೊಳಗೆ. 2021ರಲ್ಲಿ ಬಂದಾಗ ಬೆಲೆ 20 ಲಕ್ಷ ಯೂರೊ, ಮಾಡುವುದು ಬರೀ 150 ಎಂದಿದ್ದರು. ಇಡೀ ಪ್ರಪಂಚಕ್ಕೆ 150 ಕಾರು! ಒಂದು ವಾರದಲ್ಲಿ ಖಾಲಿ ಆಗಿರುತ್ತದೆ ಅಂದುಕೊಂಡಿದ್ದೆ. ನೋಡಿದರೆ 2024ರ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ, ಆ ಕಂಪನಿ ಕಟ್ಟಿದ ಮಾಟೆ ರಿಮಾಕ್ ಅವರೇ ಇಂಥ ಕಾರಿಗೆ ಈಗ ಬೇಡಿಕೆ ಕಡಿಮೆ ಎಂದು ಒಪ್ಪಿಕೊಂಡಿದ್ದಾರೆ. ಆಗಿನ್ನೂ 150 ಮುಗಿದಿರಲಿಲ್ಲ. ಮರುತಿಂಗಳೇ ಅದೇ ಮನುಷ್ಯ ನಡೆಸುವ ಬುಗಾಟಿ ಕಂಪನಿ ಟೂರ್ಬಿಯೋನ್ ಅಂತ 38 ಲಕ್ಷ ಯೂರೊದ ಕಾರು ತೋರಿಸಿತು. ಒಳಗೆ 8.3 ಲೀಟರಿನ ವಿ16, ಅಂದರೆ ಹದಿನಾರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಜೊತೆಗೆ ಮೋಟಾರುಗಳೂ ಇವೆ. ಅದರ 250 ಕಾರುಗಳೂ ಬುಕ್ ಆಗಿ ಹೋದವು.

ನಮ್ಮ ಗ್ಯಾರೇಜಿನ ಸಲೀಂ ಭಾಯ್ ಒಂದೇ ಮಾತಲ್ಲಿ ಮುಗಿಸಿದರು: "ಬ್ಯಾಟರಿ ಅಲ್ವಾ ಗುರು, ಮೊಬೈಲ್ ಥರ, ಐದು ವರ್ಷಕ್ಕೆ ಯಾರಿಗೂ ಬೇಡ." ನನಗೆ ಅಷ್ಟು ಸುಲಭ ಅನಿಸಲಿಲ್ಲ. 20 ಕೋಟಿ ಕೊಡುವವನು ಬ್ಯಾಟರಿ ಖರ್ಚಿಗೆ ಹೆದರುತ್ತಾನಾ? ನಿಜವಾದ ಕಾರಣ ಏನು? ರೀಸೇಲ್ ಇಲ್ಲದೆ ಬೇಡಿಕೆ ಹೋಯಿತೋ, ಬೇಡಿಕೆ ಇಲ್ಲದೆ ರೀಸೇಲ್ ಹೋಯಿತೋ? ಈ ಲೈನಿನಲ್ಲಿ ಇರುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಕುಂದಾಪ್ರ_ಟು_ದೇರಾ

ಮಾರಾಯ್ರೆ, ನಾನು ದುಬೈಯಲ್ಲಿ ಸೆಕೆಂಡ್ ಹ್ಯಾಂಡ್ ದುಬಾರಿ ಕಾರು ಮಾರುವ ಒಂದು ಶೋರೂಮಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೊದಲು ಕಾರು ತೊಳೆಯುತ್ತಿದ್ದೆ, ಈಗ ಒಳಗೆ ಬಂದ ಕಾರನ್ನು ಪರೀಕ್ಷೆ ಮಾಡುವ ಕೆಲಸ. ಹಾಗಾಗಿ ಕಂಡದ್ದನ್ನು ಹೇಳುತ್ತೇನೆ. ಕಂಪನಿ ಹೆಸರು ಮಾತ್ರ ಕೇಳಬೇಡಿ.

ಒಂದು ಎಲೆಕ್ಟ್ರಿಕ್ ಹೈಪರ್‌ಕಾರ್ ನಮ್ಮಲ್ಲಿ ಮಾರಾಟಕ್ಕೆ ಅಂತ ಬಂದು ನಿಂತಿತ್ತು. ಓನರ್ ಓಡಿಸಿದ್ದು ಸಾವಿರ ಕಿ.ಮೀ. ಕೂಡ ಇಲ್ಲ. ಸೀಟಿನ ಮೇಲಿನ ಪ್ಲಾಸ್ಟಿಕ್ ಸಹ ಅರ್ಧ ಹಾಗೇ ಇತ್ತು. ಗಿರಾಕಿ ಬರುತ್ತಿದ್ದರು, ಸುತ್ತ ಎರಡು ಸುತ್ತು ಹಾಕುತ್ತಿದ್ದರು, ಕಾರ್ಬನ್ ಫೈಬರ್ ಮೇಲೆ ಬೆರಳು ಆಡಿಸುತ್ತಿದ್ದರು. ಆಮೇಲೆ ಎಲ್ಲರೂ ಕೇಳುವುದು ಒಂದೇ: "ಸ್ಟಾರ್ಟ್ ಮಾಡಿ ನೋಡುವಾ." ನಾನು ಒಳಗೆ ಕೂತು ಬಟನ್ ಒತ್ತುತ್ತಿದ್ದೆ. ಸ್ಕ್ರೀನ್ ಬೆಳಗಿತು. ಅಷ್ಟೇ. ಒಂದು ಸಣ್ಣ ಪಂಪಿನ ಸದ್ದು, ಫ್ರಿಜ್ ಆನ್ ಆದ ಹಾಗೆ. ಗಿರಾಕಿ ನನ್ನ ಮುಖ ನೋಡುವುದು, ನಾನು ಗಿರಾಕಿಯ ಮುಖ ನೋಡುವುದು. ಪಕ್ಕದಲ್ಲೇ ಒಂದು ಹಳೆ ವಿ12 ನಿಂತಿತ್ತು, ಅದನ್ನು ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಗಾಜೆಲ್ಲ ನಡುಗುತ್ತಿತ್ತು, ರಸ್ತೆಯಲ್ಲಿ ಹೋಗುವವರೂ ಮೊಬೈಲ್ ಎತ್ತಿಕೊಂಡು ಒಳಗೆ ಬರುತ್ತಿದ್ದರು. ವ್ಯಾಪಾರ ಅಲ್ಲೇ ಅರ್ಧ ಮುಗಿದ ಹಾಗೆ.

ಒಮ್ಮೆ ಇನ್ನೊಂದು ಫಜೀತಿ. ಆ ಎಲೆಕ್ಟ್ರಿಕ್ ಕಾರಿನ 12 ವೋಲ್ಟಿನ ಚಿಕ್ಕ ಬ್ಯಾಟರಿ ಇಳಿದುಹೋಯಿತು. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇತ್ತು, ಆದರೆ ಬಾಗಿಲೇ ತೆರೆಯಲಿಲ್ಲ. ಗಿರಾಕಿ ಎದುರಿಗೇ! ಇಲ್ಲಿ ಅದನ್ನು ಮುಟ್ಟುವ ಮೆಕ್ಯಾನಿಕ್ ಇಲ್ಲ. ಯುರೋಪಿನಿಂದ ಒಬ್ಬರು ವಿಡಿಯೊ ಕಾಲ್‌ನಲ್ಲಿ ಹೇಳಿಕೊಟ್ಟರು, ನಾನು ನೆಲದ ಮೇಲೆ ಅಂಗಾತ ಮಲಗಿ ಎಮರ್ಜೆನ್ಸಿ ಕೇಬಲ್ ಹುಡುಕಿದೆ. ಬಾಗಿಲು ತೆರೆಯುವ ಹೊತ್ತಿಗೆ ಗಿರಾಕಿ ಹೋಗಿಯಾಗಿತ್ತು. ಕಡೆಗೆ ಆ ಕಾರು ಎಷ್ಟಕ್ಕೆ ಹೋಯಿತು ಅಂತ ನಾನು ಬರೆಯುವ ಹಾಗಿಲ್ಲ, ಹೊಸದರ ಬೆಲೆಗಿಂತ ಬಹಳ ಕೆಳಗೆ ಹೋಯಿತು ಎಂದರೆ ಸಾಕು.

ಈಗ ನಿಮ್ಮ ಪ್ರಶ್ನೆಗೆ. ನೀವು ಎರಡನ್ನೂ ಬೇರೆ ಬೇರೆ ಮಾಡಿ ಕೇಳಿದ್ದೀರಿ, ಆದರೆ ಈ ದಂಧೆಯಲ್ಲಿ ಬೇಡಿಕೆ ಮತ್ತು ರೀಸೇಲ್ ಎರಡಲ್ಲ, ಒಂದೇ. ಹೈಪರ್‌ಕಾರ್ ಬುಕ್ ಮಾಡುವವರಲ್ಲಿ ಒಂದಿಷ್ಟು ಜನ ಓಡಿಸಲಿಕ್ಕೆ ಕೊಳ್ಳುವುದೇ ಇಲ್ಲ. ಡೆಲಿವರಿ ತಗೊಂಡು, ಕ್ಯೂನಲ್ಲಿ ಸಿಗದವನಿಗೆ ಮೇಲಿನ ದುಡ್ಡು ಇಟ್ಟು ಮಾರುತ್ತಾರೆ. ಕಂಪನಿಗಳು ಇದನ್ನು ತಡೆಯಲಿಕ್ಕೆ ಕರಾರು ಬರೆಸಿಕೊಳ್ಳುವಷ್ಟು ಇದು ಮಾಮೂಲು. 2017ರಲ್ಲಿ ಫೋರ್ಡ್ ಜಿಟಿಯನ್ನು ಬೇಗ ಮಾರಿದರು ಅಂತ ಕುಸ್ತಿಪಟು ಜಾನ್ ಸೀನಾ ಮೇಲೆ ಫೋರ್ಡ್ ಕೇಸೇ ಹಾಕಿತ್ತು. ಈ ಮೇಲಿನ ದುಡ್ಡು ಸಿಗುವುದಿಲ್ಲ ಅಂತ ಗೊತ್ತಾದ ದಿನ ಈ ಜನ ಮಾಯ. ಅವರು ಹೋದರೆ ಹೊಸ ಕಾರು ಕಂಪನಿಯಲ್ಲೇ ಉಳಿಯುತ್ತದೆ. ಹೊಸದೇ ಕೈಗೆ ಸಿಗುವಾಗ ಹಳೆಯದಕ್ಕೆ ಯಾರು ಪೂರ್ತಿ ದುಡ್ಡು ಕೊಡುತ್ತಾರೆ? ಹಳೆಯದರ ಬೆಲೆ ಬಿದ್ದದ್ದು ನೋಡಿ ಹೊಸದು ಕೊಳ್ಳುವವನೂ "ಆಮೇಲೆ ನೋಡುವಾ" ಅನ್ನುತ್ತಾನೆ. ಹೀಗೆ ಒಂದರ ಬಾಲ ಒಂದು ಹಿಡಿದುಕೊಂಡು ಕೆಳಗೆ ಇಳಿಯುವುದು.

ಇಲ್ಲಿಯವರಿಗೆ ದುಡ್ಡಿಲ್ಲ ಅಂತ ಅಲ್ಲ. 2023ರ ಏಪ್ರಿಲ್‌ನಲ್ಲಿ ದುಬೈಯಲ್ಲಿ 'ಪಿ 7' ಅನ್ನುವ ನಂಬರ್ ಪ್ಲೇಟ್ 5.5 ಕೋಟಿ ದಿರ್ಹಮಿಗೆ ಹರಾಜಾಯಿತು. ತಗಡು ಮಾರಾಯ್ರೆ, ಎರಡು ಅಕ್ಷರದ ತಗಡು! ಆ ದುಡ್ಡಿಗೆ ನೆವೆರಾ ಆರು ಬರುತ್ತಿತ್ತು. ಆದರೆ 'ಪಿ 7' ಪ್ರಪಂಚದಲ್ಲಿ ಒಂದೇ.

ಮಂದಿ_ಹುಬ್ಬಳ್ಳಿ

ಫ್ರಿಜ್ ಆನ್ ಆದ ಹಾಗೆ 😂 ಇಪ್ಪತ್ತು ಕೋಟಿ ಫ್ರಿಜ್, ಒಳಗ ಒಂದು ಡಜನ್ ಮೊಸರು ಪ್ಯಾಕೆಟ್ ಇಡಾಕ ಜಾಗ ಇಲ್ಲ. ಯಾರು ತಗೋತಾರ ಹೇಳ್ರಿ.

ಜನತಾ_ವಾಚು

ದೇರಾ ಅಣ್ಣ ಹೇಳಿದ ಪ್ಲೇಟಿನ ಮಾತು ಸರಿಯಾದ ಜಾಗಕ್ಕೆ ಬಿತ್ತು. ಅದನ್ನೇ ಸ್ವಲ್ಪ ಮುಂದಕ್ಕೆ ಎಳೆಯುತ್ತೇನೆ. ನನಗೆ ಕಾರಿಗಿಂತ ವಾಚಿನ ಹುಚ್ಚು ಜಾಸ್ತಿ. ಅಪ್ಪ ತುಮಕೂರಿನ ಎಚ್‌ಎಂಟಿಯಲ್ಲಿದ್ದವರು.

ಲಂಡನ್ನಿನ ಅದೇ ಸಭೆಯಲ್ಲಿ ಮಾಟೆ ರಿಮಾಕ್ ಕೊಟ್ಟ ಉದಾಹರಣೆಯೂ ವಾಚಿನದೇ. ಆಪಲ್ ವಾಚ್ ಎಲ್ಲದರಲ್ಲೂ ಮುಳ್ಳಿನ ವಾಚಿಗಿಂತ ಮೇಲು, ಸಮಯವೂ ಕರಾರುವಾಕ್ಕು, ಎದೆಬಡಿತವನ್ನೂ ಎಣಿಸುತ್ತದೆ, ಆದರೆ ಯಾರೂ ಅದಕ್ಕೆ ಎರಡು ಲಕ್ಷ ಡಾಲರ್ ಕೊಡುವುದಿಲ್ಲ ಎಂದರು. ನನಗೆ ಇದರಲ್ಲಿ ಅರ್ಧ ಕಥೆ ಮಾತ್ರ ಇದೆ ಅನಿಸುತ್ತದೆ. ಇನ್ನರ್ಧ ಕ್ವಾರ್ಟ್ಜ್ ವಾಚಿನ, ಅಂದರೆ ಕೀ ಕೊಡದೆ ಬ್ಯಾಟರಿಯಲ್ಲಿ ನಡೆಯುವ ವಾಚಿನ ಕಥೆಯಲ್ಲಿದೆ.

1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಇಟ್ಟಿತು. ಹೆಸರು ಆಸ್ಟ್ರಾನ್, ಚಿನ್ನದ ಕೇಸು, ಬೆಲೆ ನಾಲ್ಕೂವರೆ ಲಕ್ಷ ಯೆನ್. ಆ ಕಾಲಕ್ಕೆ ಅಲ್ಲಿ ಒಂದು ಸಣ್ಣ ಕಾರು ಬರುತ್ತಿದ್ದ ದುಡ್ಡು. ಅವತ್ತಿಗೆ ಅದು ವಾಚುಗಳ ನೆವೆರಾ. ಆಮೇಲೆ ಏನಾಯಿತು? ಹತ್ತು ಹದಿನೈದು ವರ್ಷದಲ್ಲಿ ಅದೇ ನಿಖರತೆ ಫುಟ್‌ಪಾತಿಗೆ ಬಂತು. ಹೊಸೂರಿನಿಂದ ಟೈಟನ್ ಕ್ವಾರ್ಟ್ಜ್ ವಾಚು ಹೊರಬಿದ್ದ ಮೇಲೆ ನಮ್ಮ ಎಚ್‌ಎಂಟಿಯ ಗತಿ ಏನಾಯಿತು ಅಂತ ನಮ್ಮ ಮನೆಗೆ ಚೆನ್ನಾಗಿ ಗೊತ್ತು. ಸರಿಯಾದ ಸಮಯ ತೋರಿಸುವುದು ಎಲ್ಲರಿಗೂ ಸಿಗುವ ಸರಕು ಆದ ಮೇಲೆ ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ. ಕೀ ಕೊಡುವ ಸ್ವಿಸ್ ವಾಚುಗಳು ಸತ್ತೇಹೋದವು ಅಂದುಕೊಂಡಾಗ, ಅವೇ ಐಷಾರಾಮಿ ಆಗಿ ವಾಪಸ್ ಬಂದವು. ಕಡಿಮೆ ನಿಖರ, ಜಾಸ್ತಿ ಬೆಲೆ.

ಕಾರಿನಲ್ಲೂ ಅದೇ ಆಗುತ್ತಿದೆ, ಇನ್ನೂ ಬೇಗ. 2023ರಲ್ಲಿ ನೆವೆರಾ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕನ್ನು 7 ನಿಮಿಷ 5.298 ಸೆಕೆಂಡಿನಲ್ಲಿ ಸುತ್ತಿ ಎಲೆಕ್ಟ್ರಿಕ್ ಕಾರುಗಳ ದಾಖಲೆ ಮಾಡಿತು. 2025ರಲ್ಲಿ ಅದನ್ನು ಮುರಿದದ್ದು ಯಾರು ಗೊತ್ತಾ? ಶಿಯೋಮಿ. ಹೌದು, ನಮ್ಮ ನಿಮ್ಮ ಜೇಬಿನಲ್ಲಿರುವ ಫೋನ್ ಮಾಡುವವರು. ಅವರ ಎಸ್‌ಯು7 ಅಲ್ಟ್ರಾ 7 ನಿಮಿಷ 4.957 ಸೆಕೆಂಡಿನಲ್ಲಿ ಸುತ್ತಿತು. ನಾಲ್ಕು ಬಾಗಿಲಿನ ಸೆಡಾನ್, ಚೀನಾದಲ್ಲಿ ಶುರುವಿನ ಬೆಲೆ 5,29,900 ಯುವಾನ್, ನಮ್ಮ ಲೆಕ್ಕದಲ್ಲಿ ಅರವತ್ತು ಚಿಲ್ಲರೆ ಲಕ್ಷ. ದಾಖಲೆ ಮಾಡಿದ ಕಾರಿಗೆ ಟ್ರ್ಯಾಕ್ ಪ್ಯಾಕೇಜ್ ಹಾಕಿದ್ದರು, ಅದರ ದುಡ್ಡು ಬೇರೆ. ಇರಲಿ, ಹಾಕಿದರೂ ಎಷ್ಟಾದೀತು? 20 ಲಕ್ಷ ಯೂರೊ ಕೊಟ್ಟವನ ಹೊಟ್ಟೆ ಉರಿಯುವುದಿಲ್ವಾ? ಅವನು ಕೊಂಡದ್ದು "ಎಲ್ಲರಿಗಿಂತ ಮುಂದೆ" ಅನ್ನುವುದನ್ನು. ಅದು ಎರಡೇ ವರ್ಷ ಬಾಳಿತು.

ಸಲೀಂ ಭಾಯ್ ಹೇಳಿದ ಮೊಬೈಲ್ ಹೋಲಿಕೆ ಈ ಅರ್ಥದಲ್ಲಿ ಸರಿ. ಬ್ಯಾಟರಿ ಸಾಯುವುದರಿಂದ ಅಲ್ಲ, ಮುಂದಿನ ಮಾಡೆಲ್ ಬರುವುದರಿಂದ.

ಇನ್ನೊಂದು ಮಾತು. ಅಪ್ಪ ಕೊಟ್ಟ ಜನತಾ ವಾಚಿಗೆ ಬೆಳಿಗ್ಗೆ ಕೀ ಕೊಡುತ್ತೇನೆ. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ಕೇಳಿಕೊಂಡು ಬಂದವರು ಇಬ್ಬರು. ನನ್ನ ಹಳೆ ಸ್ಮಾರ್ಟ್‌ವಾಚನ್ನು ಸುಮ್ನೆ ಕೊಡುತ್ತೇನೆ ಅಂದರೂ ತಗೊಂಡವರಿಲ್ಲ.

ಕಿಲೋವ್ಯಾಟ್_ಕಾವ್ಯ

ವಾಚಿನ ಕಥೆ ಚೆನ್ನಾಗಿದೆ ಸರ್. ಆದರೆ ನಾನು ಬ್ಯಾಟರಿ ಪ್ಯಾಕ್ ವಿನ್ಯಾಸದ ಕೆಲಸ ಮಾಡುವವಳು, ಆದ್ದರಿಂದ ಬ್ಯಾಟರಿ ಮೇಲಿನ ಅಪವಾದ ಸ್ವಲ್ಪ ಸರಿಮಾಡಬೇಕು.

ಬ್ಯಾಟರಿ ಎರಡು ಥರ ಹಳತಾಗುತ್ತದೆ. ಒಂದು ಓಡಿಸಿ, ಚಾರ್ಜ್ ಮಾಡಿ ಸವೆಯುವುದು. ಹೈಪರ್‌ಕಾರ್‌ಗೆ ಇದು ಲೆಕ್ಕಕ್ಕೇ ಇಲ್ಲ, ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡಿದರೆ ಅದೇ ಜಾಸ್ತಿ. ಇನ್ನೊಂದು ಸುಮ್ನೆ ನಿಂತೇ ಹಳತಾಗುವುದು. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನ ಊರಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಇದು ಜೋರಾಗುತ್ತದೆ. ಅರ್ಧ ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿ ಇಟ್ಟರೆ ನಿಧಾನವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಪೂರ್ತಿ ಇಳಿಯಲು ಬಿಡುವುದು. ಟೆಸ್ಲಾದ ಮೊದಲ ರೋಡ್‌ಸ್ಟರ್ ಕೆಲವನ್ನು ಓನರ್‌ಗಳು ಪ್ಲಗ್ ಹಾಕದೆ ತಿಂಗಳುಗಟ್ಟಲೆ ಬಿಟ್ಟು, ಬ್ಯಾಟರಿ ಸೊನ್ನೆಗೆ ಇಳಿದು ಪೂರಾ ಸತ್ತುಹೋದದ್ದು 2012ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಹಾಗಂತ ಬ್ಯಾಟರಿ ಇದೆ ಎನ್ನುವ ಒಂದೇ ಕಾರಣಕ್ಕೆ ಬೆಲೆ ಬೀಳುವುದಾಗಿದ್ದರೆ ಲಾಫೆರಾರಿ, ಪೋರ್ಷೆ 918, ಮೆಕ್‌ಲಾರೆನ್ ಪಿ1 ಎಲ್ಲವೂ ಬೀಳಬೇಕಿತ್ತಲ್ವಾ? ಮೂರೂ 2013ರ ಹೊತ್ತಿನ, ಪೆಟ್ರೋಲ್ ಎಂಜಿನ್ ಜೊತೆಗೆ ಮೋಟಾರೂ ಇರುವ ಹೈಬ್ರಿಡ್‌ಗಳು, ಮೂರರಲ್ಲೂ ಬ್ಯಾಟರಿ ಇದೆ. ಇವತ್ತಿಗೂ ಅವುಗಳ ಹಿಂದೆ ಜನ ಓಡುತ್ತಾರೆ. ಯಾಕೆಂದರೆ ಬ್ಯಾಟರಿ ಕೈಕೊಟ್ಟರೂ ಅಲ್ಲೊಂದು ವಿ12 ಅಥವಾ ವಿ8 ಇದೆ. ಇನ್ನು ಖರ್ಚಿನ ಮಾತು. ಬುಗಾಟಿ ವೇರಾನ್‌ನ ಒಂದು ಸೆಟ್ ಟೈರಿಗೇ ಹತ್ತಾರು ಸಾವಿರ ಡಾಲರ್ ಸುರಿಯುತ್ತಾರೆ, ಅದಕ್ಕೆ ಯಾರೂ ಅಳುವುದಿಲ್ಲ.

ನನಗೆ ಕಾಣುವ ನಿಜವಾದ ತೊಂದರೆ ಬೇರೆ. ನೆವೆರಾದ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಬ್ಬಿ ಅಲ್ಲ. 120 ಕಿಲೋವ್ಯಾಟ್-ಅವರ್, 6,960 ಸೆಲ್‌ಗಳು, ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಕಾರ್ಬನ್ ಚೌಕಟ್ಟಿನ ಒಳಗೆ ಸೇರಿಕೊಂಡಿದೆ. ಕಾರಿನ ಗಟ್ಟಿತನದಲ್ಲಿ ಅದರದ್ದೂ ಪಾಲಿದೆ. ವಿನ್ಯಾಸ ನೋಡಿ ನಾನು ಕೈಮುಗಿದಿದ್ದೇನೆ, ಅದು ಬೇರೆ ಮಾತು. ಆದರೆ 2045ರಲ್ಲಿ ಅದನ್ನು ಯಾರು ಮಾಡಿಕೊಡುತ್ತಾರೆ? ಹಳೆ ಫೆರಾರಿಯ ಪಿಸ್ಟನ್ ಒಡೆದರೆ ಒಳ್ಳೆಯ ಲೇತ್ ಇರುವ ಒಬ್ಬ ಕಸುಬುದಾರ ಮಾಡಿಕೊಟ್ಟಾನು. ಸೆಲ್ ಜೋಡಿಸುವುದನ್ನೂ ಮಾಡಬಹುದು. ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರಿನ ಬೀಗ ತೆಗೆಯುವವರು ಯಾರು? ಅಮೆರಿಕದ ಫಿಸ್ಕರ್ ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಓಷನ್ ಕಾರು ಕೊಂಡವರು ತಾವೇ ಒಂದು ಸಂಘ ಕಟ್ಟಿಕೊಂಡು ಸಾಫ್ಟ್‌ವೇರ್, ಬಿಡಿಭಾಗಗಳ ಹಿಂದೆ ಅಲೆಯಬೇಕಾಯಿತು. ಅದು ಸಾವಿರಾರು ಜನ ಕೊಂಡ ಕಾರು, ಕೂಗಿದರೆ ಕೇಳುವಷ್ಟು ಸದ್ದು ಆಗುತ್ತದೆ. 150 ಜನ ಎಲ್ಲಿ ಹೋಗಿ ಕೂಗಬೇಕು?

ಒಂದು ಒಳ್ಳೆಯ ಉದಾಹರಣೆಯೂ ಇದೆ. 2008ರಲ್ಲಿ ಬಂದ ಅದೇ ರೋಡ್‌ಸ್ಟರ್‌ಗೆ ಟೆಸ್ಲಾ ಆಮೇಲೆ ದೊಡ್ಡ ಬ್ಯಾಟರಿ ಹಾಕಿಕೊಡುವ ಯೋಜನೆ ತಂದಿತು. 53 ಕಿಲೋವ್ಯಾಟ್-ಅವರ್ ಇದ್ದದ್ದು 80ರ ಹತ್ತಿರಕ್ಕೆ, ಬೆಲೆ 29,000 ಡಾಲರ್. ಎಲೆಕ್ಟ್ರಿಕ್ ಕಾರನ್ನೂ ಸಂಗ್ರಹಯೋಗ್ಯವಾಗಿ ಉಳಿಸಬಹುದು ಅಂತ ಇದು ತೋರಿಸಿತು. ಹೈಪರ್‌ಕಾರ್ ಮಾಡುವವರು ಮೊದಲ ದಿನವೇ "ಇಪ್ಪತ್ತು ವರ್ಷ ಆದಮೇಲೆ ಹೊಸ ಪ್ಯಾಕ್ ಹಾಕಿಕೊಡುತ್ತೇವೆ, ಇಷ್ಟು ದುಡ್ಡು" ಅಂತ ಬರೆದುಕೊಟ್ಟರೆ ರೀಸೇಲ್‌ಗೆ ಹತ್ತು ದಾಖಲೆಗಳಿಗಿಂತ ಜಾಸ್ತಿ ಸಹಾಯ ಆಗುತ್ತದೆ ಅಂತ ನನ್ನ ಅನಿಸಿಕೆ.

ತುಂಗೆ_ದಂಡೆ_ಸ್ವಿಫ್ಟ್

ಕಾವ್ಯ ಮೇಡಂ, ಕೈಮುಗಿದೆ. ನಿಮ್ಮ ಪೋಸ್ಟನ್ನು ಸಲೀಂ ಭಾಯ್‌ಗೆ ಓದಿ ಹೇಳಿದೆ. "ಲೇತ್ ಮಾತು ಕರೆಕ್ಟ್" ಅಂದರು, ಉಳಿದದ್ದಕ್ಕೆ ತಲೆ ಅಲ್ಲಾಡಿಸಿದರು. ಹಂಗಾದರೆ ಇದು ಮುಗಿದ ಕಥೆಯಾ? ಯಾವತ್ತೂ ಬೆಲೆ ಏರುವುದೇ ಇಲ್ವಾ?

ಹಳೇ_ಗೇರು

ಎಲ್ಲರೂ ಸೇರಿ ಹೆಣಕ್ಕೆ ಹೂವು ಹಾಕಿಬಿಟ್ಟಿರಿ. ಸ್ವಲ್ಪ ತಡೆಯಿರಿ.

ಗಿರಾಕಿ ಇಲ್ಲದೆ ಒದ್ದಾಡಿದ ಹೈಪರ್‌ಕಾರ್ ಇದೇ ಮೊದಲಲ್ಲ. ಮೆಕ್‌ಲಾರೆನ್ ಎಫ್1 ನೆನಪಿಸಿಕೊಳ್ಳಿ. 1992ರಲ್ಲಿ ತೋರಿಸಿದಾಗ 300 ಮಾಡಬೇಕು ಅಂತಿದ್ದರು. ಆರ್ಥಿಕ ಹಿಂಜರಿತ, ವಿಪರೀತ ಬೆಲೆ, ಕೊಳ್ಳುವವರಿಲ್ಲ. 1998ರಲ್ಲಿ ನಿಲ್ಲಿಸುವ ಹೊತ್ತಿಗೆ ರೇಸಿನವೂ ಸೇರಿ ಆಗಿದ್ದು 106. ಹೊಸದರಲ್ಲಿ ಐದು ಲಕ್ಷ ಚಿಲ್ಲರೆ ಪೌಂಡ್. 2021ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ಒಂದು ಹರಾಜಾಯಿತು, 2 ಕೋಟಿ 4 ಲಕ್ಷ ಡಾಲರಿಗೂ ಮೇಲೆ. ಮಾರಾಟ ಆಗದೇ ಉಳಿದದ್ದರಿಂದಲೇ ಅದು ಅಪರೂಪ ಆಯಿತು. ನೆವೆರಾ 150 ಮುಗಿಯದೇ ನಿಂತರೆ, ಈಗ ಕೊಂಡವನ ಮೊಮ್ಮಗನಿಗೆ ಲಾಟರಿ.

ಆದರೆ ಇದರ ಎದುರಿಗೆ ಜಾಗ್ವಾರ್ ಎಕ್ಸ್‌ಜೆ220 ಕಥೆಯನ್ನೂ ಇಡಬೇಕು, ಇಲ್ಲದಿದ್ದರೆ ನಾನು ಸುಳ್ಳುಗಾರ. 1988ರಲ್ಲಿ ತೋರಿಸಿದ್ದು ವಿ12 ಎಂಜಿನ್, ನಾಲ್ಕು ಚಕ್ರಕ್ಕೂ ಶಕ್ತಿ. ಜನ ಮುಗಿಬಿದ್ದು ಅಡ್ವಾನ್ಸ್ ಕೊಟ್ಟರು, ಅದರಲ್ಲಿ ಬರೀ ಮಾರಿ ಲಾಭ ಮಾಡಲು ಬಂದವರೇ ಬೇಕಾದಷ್ಟು. ಕೈಗೆ ಬಂದದ್ದು ವಿ6 ಟರ್ಬೊ, ಹಿಂದಿನ ಎರಡು ಚಕ್ರ. ಅಷ್ಟರಲ್ಲಿ ಮಾರುಕಟ್ಟೆಯೂ ಕುಸಿದಿತ್ತು. ಅಡ್ವಾನ್ಸ್ ಕೊಟ್ಟವರು ಬೇಡ ಅಂದರು, ಕೋರ್ಟಿನ ತನಕ ಹೋಯಿತು. 350 ಮಾಡುವುದಿತ್ತು, 280ರ ಆಸುಪಾಸಿನಲ್ಲಿ ನಿಂತಿತು. ಅದು ಆ ಕಾಲದ ಅತಿ ವೇಗದ ಕಾರುಗಳಲ್ಲಿ ಒಂದು. ಆದರೂ ಇವತ್ತಿಗೂ ಎಫ್1 ಬೆಲೆಯ ಹತ್ತಿರಕ್ಕೂ ಬಂದಿಲ್ಲ.

ಎರಡಕ್ಕೂ ವ್ಯತ್ಯಾಸ ಏನು? ಎಫ್1ನಲ್ಲಿ ಡ್ರೈವರ್ ನಡುವೆ ಕೂರುತ್ತಾನೆ, ಬಿಎಂಡಬ್ಲ್ಯು ಬರೀ ಇದಕ್ಕೆ ಅಂತ ಮಾಡಿಕೊಟ್ಟ ವಿ12, ಎಂಜಿನ್ ಕೋಣೆಗೆ ಒಳಗಿಂದ ಚಿನ್ನದ ಹಾಳೆ. ಆ ಕಾಲದಲ್ಲಿ ಅಂಥದ್ದು ಬೇರೆ ಇರಲಿಲ್ಲ. ವೇಗವನ್ನು ಮಾತ್ರ ಹಿಂದೆ ಹಾಕಿ ಬಹಳ ಕಾಲ ಆಯಿತು, ಅದರಿಂದ ಬೆಲೆಗೆ ಏನೂ ಆಗಲಿಲ್ಲ. ಹಾಗಾಗಿ ನನ್ನ ಪ್ರಕಾರ ನೆವೆರಾ ಬದುಕಿದರೆ ದಾಖಲೆಗಳಿಂದ ಬದುಕುವುದಿಲ್ಲ. ಗಂಟೆಗೆ 412 ಕಿ.ಮೀ. ಅಂತ ಹೇಳಿಕೊಂಡಿದ್ದರು, ಅವರದ್ದೇ ನೆವೆರಾ ಆರ್ 2025ರಲ್ಲಿ 431 ಮಾಡಿತು, ಅದೇ ವರ್ಷ ಚೀನಾದ ಬಿವೈಡಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ 496 ದಾಟಿತು. ಬದುಕಿದರೆ, ಪೆಟ್ರೋಲ್ ಎಂಜಿನ್ ಸುಟ್ಟುಹೋದ ಒಂದು ಹಳೆ ಬಿಎಂಡಬ್ಲ್ಯುಗೆ ಮೋಟಾರು ಕೂರಿಸಿದ ಹುಡುಗ ಮಾಟೆ ರಿಮಾಕ್, ಕಾರು ಉದ್ಯಮವೇ ಇಲ್ಲದ ದೇಶದಲ್ಲಿ ಕೂತು ಇದನ್ನು ಮಾಡಿದ ಅನ್ನುವ ಕಥೆಯಿಂದ. ಸಂಗ್ರಹ ಮಾಡುವವರು ಕಥೆಗೆ ದುಡ್ಡು ಕೊಡುತ್ತಾರೆ.

ಹಾಗೆ ನೋಡಿದರೆ ರಿಮಾಕ್‌ನ ಮೊದಲ ಕಾರು ಕಾನ್ಸೆಪ್ಟ್ ಒನ್, ಎಂಟೇ ಎಂಟು ಮಾಡಿದ್ದು. ಅದರಲ್ಲೊಂದು 2017ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ಟಿವಿಯ ರಿಚರ್ಡ್ ಹ್ಯಾಮಂಡ್ ಕೈಯಲ್ಲಿ ಉರುಳಿ ಸುಟ್ಟುಹೋಯಿತು. ನನ್ನ ಹತ್ತಿರ ದುಡ್ಡಿದ್ದರೆ ನೆವೆರಾ ಬಿಟ್ಟು ಉಳಿದ ಏಳರಲ್ಲಿ ಒಂದರ ಹಿಂದೆ ಬೀಳುತ್ತಿದ್ದೆ.

ಕಿಲೋವ್ಯಾಟ್_ಕಾವ್ಯ

@ಹಳೇ_ಗೇರು ಕಥೆಗೆ ಬೆಲೆ, ಒಪ್ಪಿದೆ. ಆದರೆ ಎಫ್1 ಇಪ್ಪತ್ತು ವರ್ಷ ಗ್ಯಾರೇಜಲ್ಲಿ ನಿಂತರೂ ಮತ್ತೆ ಎಬ್ಬಿಸಬಹುದು. ನಾನು ಹೇಳಿದ್ದು ಅದನ್ನೇ. ಮತ್ತೆ ಎಬ್ಬಿಸಲು ಆಗದಿದ್ದರೆ ಅದು ಕಾರಲ್ಲ, ಶಿಲ್ಪ. ಶಿಲ್ಪಕ್ಕೂ ಗಿರಾಕಿ ಇದ್ದಾರೆ ಬಿಡಿ.

ಮಂದಿ_ಹುಬ್ಬಳ್ಳಿ

ನಮ್ಮ ಮಹೀಂದ್ರಾದವರದೂ ಒಂದು ಇಂಥ ಕಾರು ಇತ್ತಲ್ಲ? ಅದು ಬೆಂಗಳೂರಿಗೆ ಬಂದರೆ ಎಷ್ಟಾಗತದ ಯಾರರೆ ಲೆಕ್ಕ ಹಾಕ್ರಿ.

ಹಳೇ_ಗೇರು

ಬಟಿಸ್ಟಾ. ಮಹೀಂದ್ರಾ 2015ರ ಕೊನೆಗೆ ಇಟಲಿಯ ಪಿನಿನ್‌ಫರೀನಾ ವಿನ್ಯಾಸ ಸಂಸ್ಥೆಯನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಆಮೇಲೆ ಅದೇ ಹೆಸರಿನಲ್ಲಿ ಕಾರು ಮಾಡಲು ಬೇರೆ ಕಂಪನಿ ಕಟ್ಟಿ, 2019ರ ಜಿನೀವಾ ಮೇಳದಲ್ಲಿ ಬಟಿಸ್ಟಾ ತೋರಿಸಿದರು. ಕಟ್ಟುವುದು ಟ್ಯೂರಿನ್ ಹತ್ತಿರದ ಕಾಂಬಿಯಾನೊದಲ್ಲಿ. ಒಳಗಿನ ಬ್ಯಾಟರಿ, ಮೋಟಾರು ರಿಮಾಕ್‌ನವರದ್ದೇ. ಇದೂ 150. ಇಂದೋರ್ ಹತ್ತಿರದ ನ್ಯಾಟ್ರ್ಯಾಕ್ಸ್ ಟ್ರ್ಯಾಕಿಗೆ ತಂದು ಕ್ವಾರ್ಟರ್ ಮೈಲನ್ನು (ಸುಮಾರು 400 ಮೀಟರ್) 8.55 ಸೆಕೆಂಡಿನಲ್ಲಿ ಓಡಿಸಿದ್ದೂ ಇದನ್ನೇ. ಒಂದು ದೃಷ್ಟಿಯಲ್ಲಿ ಇದೇ ತೊಂದರೆ ಅನ್ನಿ. ನೆವೆರಾ, ಬಟಿಸ್ಟಾ ಮೇಲಿನ ಅಂಗಿ ಬೇರೆ, ಒಳಗಿನ ಜೀವ ಒಂದೇ. ಇರುವ ಚೂರು ಗಿರಾಕಿಗಳನ್ನೇ ಇಬ್ಬರೂ ಹಂಚಿಕೊಳ್ಳಬೇಕು.

ಬೆಂಗಳೂರಿನ ಲೆಕ್ಕ ಒರಟಾಗಿ ಹೇಳುತ್ತೇನೆ. ಕಾರು 20 ಕೋಟಿ ಅಂತ ಹಿಡಿಯಿರಿ. 2025ರ ಬಜೆಟ್ ಪ್ರಕಾರ ಇಂಥ ಕಾರಿಗೆ ಆಮದು ಸುಂಕ, ಸೆಸ್ ಸೇರಿ 110%. ಅಂದರೆ 42 ಕೋಟಿ. ಎಲೆಕ್ಟ್ರಿಕ್ ಆದ್ದರಿಂದ ಜಿಎಸ್‌ಟಿ 5% ಮಾತ್ರ, 44 ದಾಟಿತು. ಕರ್ನಾಟಕದಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ 2024ರಿಂದ 10% ಜೀವಾವಧಿ ತೆರಿಗೆ. 48 ಕೋಟಿ. ಇನ್ನು ರೀಸೇಲ್. ಕೊಳ್ಳುವವನು ಹೊರದೇಶದ ಬಿದ್ದ ಬೆಲೆಯನ್ನು ಮೊಬೈಲಲ್ಲೇ ನೋಡಿಕೊಂಡು ಬರುತ್ತಾನೆ, ನೀವು ಕಟ್ಟಿದ ಸುಂಕಕ್ಕೆ ಅವನು ಜವಾಬ್ದಾರ ಅಲ್ಲ. ಪುದುಚೇರಿಯಲ್ಲೋ ಮಹಾರಾಷ್ಟ್ರದಲ್ಲೋ ರಿಜಿಸ್ಟರ್ ಮಾಡಿಸಿ ಇಲ್ಲಿ ಓಡಿಸುತ್ತೇನೆ ಅಂದರೆ ಆರ್‌ಟಿಒದವರು ಈಗ ಸುಮ್ನೆ ಬಿಡುವುದಿಲ್ಲ. 2025ರ ಜುಲೈಯಲ್ಲಿ ಹಾಗೆ ಓಡಾಡುತ್ತಿದ್ದ ಒಂದು ಕೆಂಪು ಫೆರಾರಿಯಿಂದ ಸುಮಾರು 1.4 ಕೋಟಿ ತೆರಿಗೆ ವಸೂಲು ಮಾಡಿದರು.

ಕುಂದಾಪ್ರ_ಟು_ದೇರಾ

48 ಕೋಟಿ ಕೊಟ್ಟು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲುವುದಾ! ನಿಂತರೆ ಪೆಟ್ರೋಲ್ ಖರ್ಚಿಲ್ಲ, ಅದೊಂದು ಲಾಭ.

ಸ್ವಿಫ್ಟ್ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಇನ್ನೊಂದು ಸೇರಿಸಲು ಮರೆತಿದ್ದೆ. ಸ್ವೀಡನ್ನಿನ ಕಾರು ಕಂಪನಿ ಕೋನಿಗ್‌ಸೆಗ್‌ನವರು ಗೆಮೆರಾ ಅಂತ ನಾಲ್ಕು ಸೀಟಿನ ಕಾರು ತಂದರು, ಮೂರು ಸಿಲಿಂಡರ್ ಎಂಜಿನ್ ಜೊತೆ ದೊಡ್ಡ ಮೋಟಾರುಗಳು. ಆಮೇಲೆ 2023ರಲ್ಲಿ "ಬೇಕಾದರೆ ವಿ8 ಹಾಕಿಕೊಡುತ್ತೇವೆ" ಅಂದರು. ಹೆಚ್ಚುಕಡಿಮೆ ಎಲ್ಲರೂ ವಿ8 ಕಡೆಗೆ ತಿರುಗಿದರು, ಕಡೆಗೆ ಮೂರು ಸಿಲಿಂಡರ್ ಎಂಜಿನನ್ನೇ ಕೈಬಿಟ್ಟರು. ಗಿರಾಕಿಗೆ ಚೀಟಿ ಕೊಟ್ಟು ಓಟು ಹಾಕಿಸಿದ ಹಾಗೆ ಅದು. ನಮ್ಮ ಶೋರೂಮಿನಲ್ಲೂ ಅದೇ ಓಟು ದಿನಾ ಬೀಳುತ್ತದೆ.

ನಾನು ಎಲೆಕ್ಟ್ರಿಕ್ ವಿರೋಧಿ ಅಲ್ಲ. ನನ್ನ ಮನೆಯಲ್ಲಿರುವುದೂ ಎಲೆಕ್ಟ್ರಿಕ್ಕೇ, ಹೆಂಡತಿ ಕೆಲಸಕ್ಕೆ ಹೋಗುವುದು ಅದರಲ್ಲೇ. ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಎರಡು ವರ್ಷದ ಗಾಡಿ, ಬೆಲೆ ಬಿದ್ದಿತ್ತು ಅಂತಲೇ ತಗೊಂಡೆ.

ತುಂಗೆ_ದಂಡೆ_ಸ್ವಿಫ್ಟ್

ಅಣ್ಣ, ಅದೇ ಮಾತು ಬರೆಯಬೇಕು ಅಂತಿದ್ದೆ. ಬೆಲೆ ಬಿದ್ದ ಹಳೆ ಎಲೆಕ್ಟ್ರಿಕ್ ಕಾರು ಒಂದು ಶಿವಮೊಗ್ಗದಲ್ಲೇ ಮಾರಾಟಕ್ಕಿದೆ, 2021ರದ್ದು, 62,000 ಓಡಿದೆ. ಸ್ವಿಫ್ಟ್ ಕೊಟ್ಟು ಅದನ್ನು ತಗೊಂಡರೆ ಕ್ಲಚ್ ಪ್ಲೇಟಿನ ತಲೆನೋವೇ ಇರುವುದಿಲ್ಲ. ಕಾವ್ಯ ಮೇಡಂ, ಬ್ಯಾಟರಿ ಚೆನ್ನಾಗಿದೆಯಾ ಅಂತ ನೋಡಲು ಏನು ಕೇಳಬೇಕು? ಭಾನುವಾರ ಹೋಗುತ್ತಿದ್ದೇನೆ, ಸಲೀಂ ಭಾಯ್ ಜೊತೆಗೆ ಬರುತ್ತಾರೆ. ಅವರೇ ಬರುತ್ತೇನೆ ಅಂದಿದ್ದು, ನಾನು ಕರೆದಿಲ್ಲ.

ಕಿಲೋವ್ಯಾಟ್_ಕಾವ್ಯ

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಎಸ್‌ಒಎಚ್ ರಿಪೋರ್ಟ್ (ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡಾ ಉಳಿದಿದೆ ಅನ್ನುವ ಕಾಗದ) ತೆಗೆಸಿಕೊಡಿ ಅಂತ ಕೇಳಿ, ಬಾಯಿಮಾತು ಬೇಡ. ಬ್ಯಾಟರಿ ವಾರಂಟಿ ಎರಡನೇ ಓನರಿಗೆ ವರ್ಗ ಆಗುತ್ತದಾ ಅಂತ ಕಾಗದ ನೋಡಿ. 100% ಚಾರ್ಜ್ ಮಾಡಿಸಿ ಒಂದು ಸುತ್ತು ಭದ್ರಾವತಿ ತನಕ ಹೋಗಿ ಬನ್ನಿ, ಎಷ್ಟು ಕಿಲೋಮೀಟರಿಗೆ ಎಷ್ಟು ಶೇಕಡಾ ಇಳಿಯಿತು ಅಂತ ಬರೆದುಕೊಳ್ಳಿ. ಕೆಳಗೆ ಬಗ್ಗಿ ಪ್ಯಾಕಿನ ತಗಡಿಗೆ ಏಟು ಬಿದ್ದಿದೆಯಾ ನೋಡಿ, ಅದನ್ನು ಸಲೀಂ ಭಾಯ್‌ಗೆ ಬಿಡಿ.